ಎಫ್ ಕಾರ್ಡ್ ಬರದಿದ್ದರೆ ಬೆರಳನ್ನು ಬೈಯಬೇಡಿ

ಅಕ್ಕಾ, ಒಂದು ಮಾತು ಕೇಳಲಾ? ಸಂಜೆ ಹೊತ್ತು ನಿಮ್ಮ ಮಹಡಿಯಿಂದ ಗಿಟಾರ್ ಸದ್ದು ಬರ್ತಿತ್ತಲ್ಲ, ಈಚೆಗೆ ಅದು ನಿಂತೇ ಹೋಗಿದೆ. ಹುಡುಗನಿಗೆ ಪರೀಕ್ಷೆಯಾ? ಅಲ್ವಾ? ಮತ್ತೆ? ‘ಬೆರಳು ಸುಲೀತದೆ, ನನಗಿದು ಒಲಿಯೋದಲ್ಲ’ ಅಂತ ಬೀರು ಮೇಲೆ ಎತ್ತಿಟ್ಟನಾ? ಅಯ್ಯೋ, ಅಷ್ಟು ಆಸೆಪಟ್ಟು ಮಧುರೆಯಿಂದ ತರಿಸಿಕೊಂಡ ವಾದ್ಯ ಅದು. ಕೋಪ ಮಾಡ್ಕೋಬೇಡಿ ಅಕ್ಕ, ದುಡ್ಡು ದಂಡ ಅಂತ ಅವನನ್ನು ಬೈಯಬೇಡಿ. ನಾನು ಕೇಳಿಸಿಕೊಂಡಿದ್ದೀನಿ, ಅವನ ಬಲಗೈಯಲ್ಲಿ ತಾಳ ಚೆನ್ನಾಗಿದೆ. ತೊಂದರೆ ಇರೋದು ಅವನಲ್ಲಿ ಅಲ್ಲ ಅಂತ ನನಗೆ ಬಲವಾದ ಗುಮಾನಿ. ಗಿಟಾರನ್ನು ಕೆಳಗಿಳಿಸಿ ತರೋಕೆ ಹೇಳಿ, ಈ ಬೇಲಿ ಪಕ್ಕದ ಕಟ್ಟೆ ಮೇಲೇ ನೋಡೋಣ.

ಅವನು ಬರೋ ತನಕ ಹೇಳ್ತೀನಿ ಕೇಳಿ. ಅಂಗಡಿಯಿಂದ ಬಂದ ದಿನವೇ ಹೊಸ ಗಿಟಾರ್ ನುಡಿಸೋಕೆ ಸಿದ್ಧವಾಗಿರುತ್ತೆ ಅಂತ ನಾವೆಲ್ಲ ನಂಬಿಬಿಡ್ತೀವಿ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಬಹಳಷ್ಟು ಕಾರ್ಖಾನೆಯಿಂದ ಹೊರಡುವಾಗಲೇ ತಂತಿ ಎತ್ತರದಲ್ಲಿರುತ್ತೆ. ಅದಕ್ಕೆ ಕಾರಣವೂ ಇದೆ. ತಂತಿ ತೀರಾ ಕೆಳಗಿದ್ದರೆ ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ತಾಗಿ ಜಿರ್ರೆನ್ನುತ್ತೆ, ಗಿರಾಕಿ ತಕ್ಷಣ ವಾಪಸ್ ತರ್ತಾನೆ. ತಂತಿ ಮೇಲಿದ್ದರೆ ಸ್ವರ ಸ್ವಚ್ಛವಾಗಿ ಬರುತ್ತೆ, ಬೆರಳು ಮಾತ್ರ ನೋಯುತ್ತೆ. ಆಗ ಗಿರಾಕಿ ವಾದ್ಯವನ್ನು ಅನುಮಾನಿಸಲ್ಲ, ತನ್ನನ್ನೇ ಬೈದುಕೊಳ್ತಾನೆ. ಇನ್ನೊಂದು, ಮೇಲಿರೋದನ್ನು ಉಜ್ಜಿ ಇಳಿಸಬಹುದು, ಹೆಚ್ಚು ಉಜ್ಜಿದ್ದನ್ನು ಮತ್ತೆ ಬೆಳೆಸೋಕಾಗಲ್ಲ. ಹೀಗಾಗಿ ಕೊನೆಯ ಕೆಲಸವನ್ನು ಕೊಂಡವರ ಪಾಲಿಗೇ ಬಿಟ್ಟಿರ್ತಾರೆ. ನಮ್ಮಲ್ಲಿ ಅದನ್ನು ಹೇಳೋರೇ ಕಡಿಮೆ.

ನಾನು ಮೈಸೂರು ಸೀಮೆಯವನಲ್ವಾ, ನಮ್ಮ ಕಡೆ ವೀಣೆ ಇಟ್ಟುಕೊಂಡ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರೋ ಸಂಗತಿ. ವೀಣೆಯ 24 ಮೆಟ್ಟಿಲನ್ನೂ ಮೇಣದ ಮೇಲೆ ಕೂರಿಸಿರ್ತಾರೆ. ಬೇಸಿಗೆಗೆ ಮೇಣ ಮೆತ್ತಗಾಗಿ ಮೆಟ್ಟಿಲು ಒಂಚೂರು ಜರುಗಿದರೆ ಸ್ವರ ಕೆಡುತ್ತೆ. ಆಗ ಮೇಳ ಕಟ್ಟೋರನ್ನು ಕರೆಸಿ ಮತ್ತೆ ಸರಿ ಮಾಡಿಸ್ತಾರೆ. ವೀಣೆ ನುಡಿಸೋ ಹುಡುಗಿಗೆ ಕೈ ಸರಿಯಿಲ್ಲ ಅಂತ ಯಾರೂ ಅನ್ನಲ್ಲ. ಗಿಟಾರಿಗೂ ಅದೇ ಮರ್ಯಾದೆ ಸಲ್ಲಬೇಕು ಅಂತ ನನ್ನ ವಾದ.

ಅದರಲ್ಲೂ ಈ ಕಂಬಂ ಕಣಿವೆಯಲ್ಲಿ ಒಂದು ಗಿಟಾರ್ ಬೀರು ಮೇಲೆ ಹೋಯ್ತು ಅಂದರೆ ನನ್ನ ಕರುಳು ಚುರ್ ಅನ್ನುತ್ತೆ. ಬೋಡಿಯಿಂದ ಉತ್ತಮಪಾಳ್ಯಕ್ಕೆ ತೇವಾರಂ ಮೇಲೆ ಬರುವಾಗ ಕೋಂಬೈಗೆ ಮೊದಲು ಸಿಗುತ್ತಲ್ಲ ಪಣ್ಣೈಪುರಂ, ಇಳಯರಾಜ ಹುಟ್ಟಿದ ಊರು. 1943ರಲ್ಲಿ ಹುಟ್ಟಿದ ಹುಡುಗ, ಹದಿನಾಲ್ಕರ ವಯಸ್ಸಿಗೆ ಅಣ್ಣ ಪಾವಲರ್ ವರದರಾಜನ್ ಅವರ ಹಾಡಿನ ತಂಡ ಸೇರಿ ಊರೂರು ತಿರುಗಿದ. ಆಮೇಲೆ ಮದ್ರಾಸಿಗೆ ಹೋಗಿ ಧನರಾಜ್ ಮಾಸ್ತರರ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಕ್ಲಾಸಿಕಲ್ ಗಿಟಾರ್ ಪರೀಕ್ಷೆ ಪಾಸು ಮಾಡಿಕೊಂಡರು. ಸ್ಟುಡಿಯೋಗಳಲ್ಲಿ ಗಿಟಾರ್, ಕಾಂಬೊ ಆರ್ಗನ್ ನುಡಿಸಿ ಹೊಟ್ಟೆ ಹೊರೆದರು. ಹಾಗೆ ದುಡಿಯುವಾಗ ಅವರಿಗೆ ನೆಲೆ ಕೊಟ್ಟೋರು ಯಾರು ಹೇಳಿ? ನಮ್ಮ ಜಿ.ಕೆ. ವೆಂಕಟೇಶ್! ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳಿಗೆ ಸಂಗೀತ ಕೊಟ್ಟೋರು. ಅವರಿಗೆ ಸಹಾಯಕರಾಗಿ ಇಳಯರಾಜ ಕೆಲಸ ಮಾಡಿದ ಚಿತ್ರಗಳಲ್ಲಿ ಹೆಚ್ಚಿನವು ಕನ್ನಡದವೇ. 1976ರಲ್ಲಿ ‘ಅನ್ನಕ್ಕಿಳಿ’ ಬಂದು ತಮಿಳುನಾಡೇ ತಿರುಗಿ ನೋಡೋಕೆ ಮೊದಲು ಅವರ ಕೈ ಪಳಗಿದ್ದು ಕನ್ನಡದ ಹಾಡುಗಳ ಮೇಲೆ. ಆಮೇಲೆ ಅವರು 1981ರಲ್ಲಿ ಶಂಕರ್ ನಾಗ್ ಅವರ ‘ಗೀತಾ’ಕ್ಕೆ, 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ಗೆ ಸಂಗೀತ ಕೊಟ್ಟರು. ಇವತ್ತಿಗೂ ಬೆಂಗಳೂರಲ್ಲಿ ಗಿಟಾರ್ ಕೈಗೆತ್ತಿಕೊಂಡ ಹುಡುಗರು ಆ ಎರಡು ಚಿತ್ರಗಳ ಸ್ವರಗಳನ್ನು ಹುಡುಕದೆ ಇರಲ್ಲ. ಈ ಕಣಿವೆಯ ನೀರು ಕುಡಿದ ಗಿಟಾರ್ ಅದು, ಕನ್ನಡಿಗರ ಎದೆಗೆ ಇಳಿದಿದೆ. ನಿಮ್ಮ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಕನ್ನಡವನ್ನು ಈ ಕಡೆ ತಂದು ಮನೆಯೊಳಗೆ ಜೋಪಾನ ಮಾಡಿದರು. ನಿಮ್ಮ ಹುಡುಗನಿಗೆ ಈ ವಾದ್ಯದ ಮೇಲೆ ಎರಡು ಕಡೆಯಿಂದಲೂ ಹಕ್ಕಿದೆ.

ಬಾ ತಮ್ಮಾ, ಬಾ. ಕೂತ್ಕೋ. ಮೊದಲು ಆರೂ ತಂತಿ ಸರಿಯಾಗಿ ಟ್ಯೂನ್ ಮಾಡು, ಸಡಿಲ ತಂತಿಯ ಮೇಲೆ ಯಾವ ಅಳತೆಯೂ ನಂಬಿಕೆಗೆ ಬರಲ್ಲ. ಆಯ್ತಾ? ಈಗ ಎಲ್ಲಿ ಸಿಕ್ಕಿಬಿದ್ದಿದ್ದೀಯ ಹೇಳು. ಎಫ್ ಕಾರ್ಡ್ ಅಲ್ವಾ? ಅಂದ್ಕೊಂಡೆ. ಹೊಸಬರು ಗಿಟಾರ್ ಬಿಡೋದು ಬಹುತೇಕ ಅಲ್ಲೇ. ತೋರುಬೆರಳನ್ನು ಮೊದಲನೇ ಫ್ರೆಟ್ಟಲ್ಲಿ ಅಡ್ಡ ಹಾಕಿ ಆರು ತಂತಿಯನ್ನೂ ಒಟ್ಟಿಗೆ ಅದುಮಬೇಕು. ಮೊದಲನೇ ಫ್ರೆಟ್ ತಲೆಯ ಹತ್ತಿರದ ಪಟ್ಟಿಯಾದ ನಟ್‌ನಿಂದ ಬರೀ 36 ಮಿಲಿಮೀಟರ್ ದೂರ. ತಂತಿಯನ್ನು ಅದರ ತುದಿಯ ಹತ್ತಿರ ಅದುಮೋಕೆ ನಡುವಲ್ಲಿ ಅದುಮೋದಕ್ಕಿಂತ ಎಷ್ಟೋ ಪಟ್ಟು ಬಲ ಬೇಕು. ಅಲ್ಲಿ ತಂತಿ ಕೂದಲೆಳೆಯಷ್ಟು ಹೆಚ್ಚು ಎತ್ತರ ಇದ್ದರೂ ಬೆರಳು ಸೋಲುತ್ತೆ.

ಒಂದು ಪರೀಕ್ಷೆ ಮಾಡೋಣ, ಇದಕ್ಕೆ ಸಲಕರಣೆ ಏನೂ ಬೇಡ. ನಿನ್ನ ಹತ್ತಿರ ಆರೂ ತಂತಿಯನ್ನು ಅದುಮಿ ಹಿಡಿಯೋ ಕ್ಯಾಪೊ ಇದೆಯಲ್ಲ, ಅದನ್ನು ಮೊದಲನೇ ಫ್ರೆಟ್ಟಿಗೆ ಹಾಕು. ಈಗ ಅದೇ ಎಫ್ ಆಕಾರವನ್ನು ಒಂದು ಮನೆ ಮುಂದೆ ಹಿಡಿ. ನೋಡಿದಿರಾ ಅಕ್ಕ ಅವನ ಮುಖ? ಬಂತು! ಬೆರಳು ಅದೇ, ಕೈಯೂ ಅದೇ. ಕ್ಯಾಪೊ ಮಾಡಿದ್ದು ಇಷ್ಟೇ, ನಟ್‌ನ ಎತ್ತರವನ್ನು ಲೆಕ್ಕದಿಂದ ತೆಗೆದುಹಾಕಿತು. ತಲೆಯ ಹತ್ತಿರ ತಂತಿಗಳು ಹಾದು ಹೋಗೋ ಬಿಳಿ ಪಟ್ಟಿ ಇದೆಯಲ್ಲ, ಅದೇ ನಟ್. ಅದರಲ್ಲಿ ತಂತಿ ಕೂರೋ ಸೀಳುಗಳನ್ನು ಸಾಕಷ್ಟು ಆಳ ಕೊಯ್ದಿಲ್ಲ. ರೋಗ ಗೊತ್ತಾಯ್ತು.

ಇದರಿಂದ ಇನ್ನೊಂದು ಕೆಡುಕೂ ಇದೆ ತಮ್ಮಾ. ಎತ್ತರದ ತಂತಿಯನ್ನು ಅದುಮಿದಾಗ ಅದು ಹಿಗ್ಗುತ್ತೆ, ಹಿಗ್ಗಿದರೆ ಶ್ರುತಿ ಏರುತ್ತೆ. ಬಿಟ್ಟ ತಂತಿಗಳು ಟ್ಯೂನರಲ್ಲಿ ಹಸಿರು ದೀಪ ತೋರಿಸಿದರೂ ಸಿ ಕಾರ್ಡ್, ಎಫ್ ಕಾರ್ಡ್ ಹಿಡಿದರೆ ಏನೋ ಕಿವಿಗೆ ಒಗ್ಗಲ್ಲ ಅಂತಿದ್ದೆಯಲ್ಲ, ಅದಕ್ಕೆ ಇದೇ ಕಾರಣ. ನಿನ್ನ ಕಿವಿ ನಿಜ ಹೇಳ್ತಿತ್ತು.

ಹಾಗಂತ ಈಗಲೇ ಅರ ತಗೊಂಡು ನಟ್ ಉಜ್ಜೋಕೆ ಕೂರಬೇಡ. ಕ್ರಮ ಮುಖ್ಯ. ಮೊದಲು ಕುತ್ತಿಗೆ, ಆಮೇಲೆ ನಟ್, ಕಡೆಗೆ ಸ್ಯಾಡಲ್. ಒಂದನ್ನು ಮುಟ್ಟಿದರೆ ಇನ್ನೊಂದರ ಅಳತೆ ಬದಲಾಗುತ್ತೆ, ಅದಕ್ಕೇ ಈ ಸಾಲು.

ಕುತ್ತಿಗೆ ನೋಡೋಣ. ಕ್ಯಾಪೊ ಮೊದಲನೇ ಫ್ರೆಟ್ಟಲ್ಲೇ ಇರಲಿ. ಬಲಗೈಯಿಂದ ಆರನೇ ತಂತಿಯನ್ನು 14ನೇ ಫ್ರೆಟ್ಟಲ್ಲಿ, ಕುತ್ತಿಗೆ ಡಬ್ಬಿಗೆ ಕೂಡೋ ಜಾಗದಲ್ಲಿ, ಅದುಮು. ಈಗ ಆ ತಂತಿ ನೇರವಾದ ಅಳತೆಪಟ್ಟಿ ಆಯ್ತು. ನಡುವೆ, ಆರು ಏಳನೇ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್ಟಿಗೂ ಎಷ್ಟು ಸಂದಿ ಇದೆ ನೋಡು. ಕಾಲು ಮಿಲಿಮೀಟರಿನ ಒಳಗೆ ಇರಬೇಕು, 0.15ರಿಂದ 0.25 ಒಳ್ಳೇದು. ಅಷ್ಟು ಸಣ್ಣದನ್ನು ಅಳೆಯೋದು ಹೇಗೆ ಅಂತೀಯಾ? ಬಸ್ ಸ್ಟ್ಯಾಂಡ್ ಹತ್ತಿರದ ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್ ನೋಡೋ ಫೀಲರ್ ಗೇಜ್ ಇರುತ್ತೆ, ಅರ್ಧ ಗಂಟೆಗೆ ಕೇಳಿ ತಗೊಂಡು ಬಾ. ನಿನ್ನ ಗಿಟಾರಲ್ಲಿ ಕಣ್ಣಿಗೇ ಕಾಣೋಷ್ಟು ಸಂದಿ ಇದೆ, ಅರ್ಧ ಮಿಲಿಮೀಟರಿಗೆ ಹತ್ತಿರ. ಅಂದರೆ ತಂತಿಗಳ ಎಳೆತಕ್ಕೆ ಕುತ್ತಿಗೆ ಮುಂದಕ್ಕೆ ಬಾಗಿದೆ.

ಬಾಗದೆ ಇನ್ನೇನು ಅಕ್ಕ! ಈ ಆರು ತಂತಿ ಸೇರಿ ಎಳೆಯೋ ಬಲ ಎಷ್ಟು ಗೊತ್ತಾ? 12-53 ಅಂತ ಕರೆಯೋ ಮಾಮೂಲಿ ಉಕ್ಕಿನ ತಂತಿ ಸೆಟ್ ಆದರೆ 70 ಕಿಲೋಗೂ ಮೇಲೆ. ನಿಮ್ಮ ತೂಕಕ್ಕಿಂತ ಹೆಚ್ಚು ಭಾರ ಹಗಲೂ ರಾತ್ರಿ ಈ ಸಣ್ಣ ಮರದ ಮೇಲೆ. ಅದನ್ನು ತಡೆಯೋಕೆ ಕುತ್ತಿಗೆಯೊಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳು ಇಟ್ಟಿರ್ತಾರೆ. ಅದರ ತಿರುಪು ಈ ದುಂಡು ರಂಧ್ರದ ಒಳಗಡೆ, ಇಲ್ಲಾ ತಲೆಯ ಮೇಲಿನ ಸಣ್ಣ ಮುಚ್ಚಳದ ಕೆಳಗೆ ಇರುತ್ತೆ. ಗಿಟಾರ್ ಜೊತೆ ಒಂದು ಅಲನ್ ಕೀ ಬಂದಿರಬೇಕಲ್ಲ? ಅದು ಇದಕ್ಕೇ. ಬಲಕ್ಕೆ ತಿರುಗಿಸಿದರೆ ಬಿಗಿದು ಕುತ್ತಿಗೆ ನೇರವಾಗುತ್ತೆ, ಎಡಕ್ಕೆ ತಿರುಗಿಸಿದರೆ ಸಡಿಲವಾಗಿ ಬಾಗು ಹೆಚ್ಚುತ್ತೆ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಖಂಡಿತ ಬೇಡ. ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಒಂದು ರಾತ್ರಿ ಮರ ಒಗ್ಗೋಕೆ ಬಿಟ್ಟು, ಬೆಳಿಗ್ಗೆ ಮತ್ತೆ ಅಳೆ. ತಿರುಪು ಬಿಗಿದುಕೊಂಡು ಅಲುಗದಿದ್ದರೆ ಬಲ ಹಾಕಬೇಡ, ಅಲ್ಲಿಗೆ ನಿಲ್ಲಿಸಿ ಗೊತ್ತಿರೋರ ಕೈಗೆ ಕೊಡು. ಸರಳು ಮುರಿದರೆ ಕುತ್ತಿಗೆಯೇ ಹೋದ ಹಾಗೆ. ಇನ್ನೊಂದು ನೆನಪಿಟ್ಟುಕೋ, ತಂತಿ ಎತ್ತರ ಇಳಿಸೋಕೆ ಅಂತ ಟ್ರಸ್ ರಾಡ್ ತಿರುಗಿಸಬಾರದು. ಅದು ಇರೋದು ಕುತ್ತಿಗೆಯ ಬಾಗಿಗೆ ಮಾತ್ರ.

ಕುತ್ತಿಗೆ ಸರಿಹೋದ ಮೇಲೆ ನಟ್. ಕ್ಯಾಪೊ ತೆಗೆ. ಒಂದು ತಂತಿಯನ್ನು ಮೂರನೇ ಫ್ರೆಟ್ಟಲ್ಲಿ ಅದುಮಿ ಹಿಡಿದು ಮೊದಲನೇ ಫ್ರೆಟ್ ಮೇಲೆ ನೋಡು. ಅಲ್ಲಿ ಸಂದಿ ಇರಬೇಕು, ಆದರೆ ಒಂದು ಕಾಗದದ ಹಾಳೆ ಕಷ್ಟಪಟ್ಟು ತೂರುವಷ್ಟು ಮಾತ್ರ. ನಿನ್ನದರಲ್ಲಿ ವಿಸಿಟಿಂಗ್ ಕಾರ್ಡೇ ಆರಾಮಾಗಿ ಹೋಗುತ್ತೆ ನೋಡು. ಸೀಳನ್ನು ಆಳ ಮಾಡೋಕೆ ತಂತಿಯ ದಪ್ಪಕ್ಕೆ ತಕ್ಕ ಸಣ್ಣ ಅರಗಳು ಬೇಕು. ಗಿಟಾರಿನವರ ಅರಗಳ ಸೆಟ್ಟಿಗೆ ಬೆಲೆ ಹೆಚ್ಚು. ಗ್ಯಾಸ್ ವೆಲ್ಡಿಂಗ್ ಮಾಡೋರು ನಳಿಗೆಯ ತೂತು ಬಿಡಿಸೋಕೆ ಇಟ್ಟುಕೊಳ್ಳೋ ತರತರ ದಪ್ಪದ ಉರುಟು ಕಡ್ಡಿಗಳ ಕಟ್ಟು ಸಿಗುತ್ತೆ, ಅದರಲ್ಲೂ ಎಷ್ಟೋ ಜನ ಈ ಕೆಲಸ ಮಾಡಿಕೊಳ್ತಾರೆ.

ಆದರೆ ಈ ಒಂದು ಕೆಲಸವನ್ನು ಪಳಗಿದ ಕೈಗೆ ಒಪ್ಪಿಸೋದೇ ವಾಸಿ. ಒಂದು ಎಳೆ ಹೆಚ್ಚು ಕೊಯ್ದರೆ ಬಿಟ್ಟ ತಂತಿ ಜಿರ್ರೆನ್ನುತ್ತೆ, ನಟ್ಟನ್ನೇ ಬದಲಿಸಬೇಕಾಗುತ್ತೆ. ದಿಂಡಿಗಲ್‌ಗೆ ಹೋಗೋ ಬರೋ ಕೆಲಸ ನಿಮ್ಮೆಜಮಾನರಿಗೆ ಇದ್ದೇ ಇದೆ. ಆ ಊರು ಬೀಗಕ್ಕೆ ಹೆಸರಾದದ್ದು, 2019ರಲ್ಲಿ ದಿಂಡಿಗಲ್ ಬೀಗಕ್ಕೆ ಜಿಐ ಮಾನ್ಯತೆಯೂ ಬಂತು. ಕೈಯಲ್ಲೇ ಬೀಗ ಮಾಡೋ ಆ ಮನೆಗಳಲ್ಲಿ ಕೂದಲೆಳೆ ಲೆಕ್ಕದಲ್ಲಿ ಅರ ಆಡಿಸಬಲ್ಲೋರಿದ್ದಾರೆ. ಗಿಟಾರ್ ಗೊತ್ತಿಲ್ಲದಿದ್ದರೂ ‘ಈ ಸೀಳು ಇಷ್ಟು ಇಳಿಯಬೇಕು, ಅಡಿ ದುಂಡಾಗಿರಬೇಕು, ತಲೆಯ ಕಡೆಗೆ ಒಂಚೂರು ಇಳಿಜಾರಿರಬೇಕು’ ಅಂತ ತೋರಿಸಿದರೆ ಮಾಡಿಕೊಡಬಲ್ಲರು ಅಂತ ನನ್ನ ನಂಬಿಕೆ. ಇಳಿಸ್ತಾ ಇಳಿಸ್ತಾ ಪ್ರತಿ ಸಲ ತಂತಿ ಕೂರಿಸಿ, ಟ್ಯೂನ್ ಮಾಡಿ, ಆ ಮೂರನೇ ಫ್ರೆಟ್ಟಿನ ಪರೀಕ್ಷೆ ಮಾಡಲೇಬೇಕು. ಆತುರ ಇದ್ದರೆ ಅವತ್ತು ಆ ಕೆಲಸ ಮುಟ್ಟಬೇಡಿ.

ಸ್ಯಾಡಲ್ ಮಾತ್ರ ನೀನೇ ಮಾಡಬಲ್ಲೆ. ಡಬ್ಬಿಯ ಮೇಲೆ ಬ್ರಿಡ್ಜಿನಲ್ಲಿ ನಿಂತಿರೋ ಈ ಸಣ್ಣ ಬಿಳಿ ಪಟ್ಟಿ ಇದೆಯಲ್ಲ, ಅದು. ಮೊದಲು 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಅಳೆಯಬೇಕು, ಇದಕ್ಕೇ ಗಿಟಾರಿನವರು ಆ್ಯಕ್ಷನ್ ಅನ್ನೋದು. ಜ್ಯಾಮಿಟ್ರಿ ಡಬ್ಬಿಯ ಪ್ಲಾಸ್ಟಿಕ್ ಸ್ಕೇಲ್ ಬೇಡ, ಅದರ ಸೊನ್ನೆ ಅಂಚಿನಿಂದ ಶುರುವಾಗಲ್ಲ. ಅಂಚಿನಿಂದಲೇ ಗೀಟು ಶುರುವಾಗೋ, ಅರ್ಧ ಮಿಲಿಮೀಟರ್ ಗುರುತಿರೋ ಸ್ಟೀಲ್ ಸ್ಕೇಲ್ ತಗೋ. ಫ್ರೆಟ್ಟಿನ ತಲೆಯಿಂದ ತಂತಿಯ ಕೆಳ ಅಂಚಿನ ತನಕ ನೋಡು. ದಪ್ಪ ತಂತಿಯ ಕಡೆ 2.4, ತೆಳು ತಂತಿಯ ಕಡೆ 1.8 ಮಿಲಿಮೀಟರ್ ಇದ್ದರೆ ಹೊಸ ಕೈಗೂ ಹಿತ, ಜೋರಾಗಿ ಬಾರಿಸಿದರೂ ಜಿರ್ರೆನ್ನಲ್ಲ.

ಕುತ್ತಿಗೆ, ನಟ್ ಎರಡೂ ಮುಗಿದ ಮೇಲೆ ದಪ್ಪ ತಂತಿಯ ಕಡೆ 3.2 ಬಂತು ಅಂತ ಇಟ್ಟುಕೋ. ಇಳಿಯಬೇಕಾದ್ದು 0.8. ಆದರೆ ಸ್ಯಾಡಲಲ್ಲಿ ತೆಗೆಯಬೇಕಾದ್ದು 0.8 ಅಲ್ಲ, 1.6. ಏಕೆ ಹೇಳು? ಸರಿ, ನಿನ್ನ ಲೆಕ್ಕ ಚುರುಕಾಗಿದೆ! 12ನೇ ಫ್ರೆಟ್ ತಂತಿಯ ನಟ್ಟನಡುವೆ ಇದೆ. ಒಂದು ತುದಿ ಎಷ್ಟು ಇಳಿದರೂ ನಡು ಅದರ ಅರ್ಧ ಮಾತ್ರ ಇಳಿಯುತ್ತೆ. ಅದಕ್ಕೇ ಯಾವಾಗಲೂ ಎರಡರಷ್ಟು.

ಉಜ್ಜೋದು ಹೇಗೆ ಅಂದರೆ, ತಂತಿಗಳನ್ನು ಸಡಿಲಿಸಿ ಸ್ಯಾಡಲನ್ನು ನಿಧಾನಕ್ಕೆ ಹೊರಗೆ ಎಳೆ. ಮೇಲಿನ ಬಾಗಿದ ಅಂಚನ್ನು ಮುಟ್ಟಲೇಬಾರದು, ಕೆಳಗಿನ ನೇರ ಅಂಚನ್ನು ಮಾತ್ರ ಉಜ್ಜಬೇಕು. ಚೂಪು ಪೆನ್ಸಿಲಿಂದ ಗೀಟು ಹಾಕಿಕೋ. ದಪ್ಪ ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ 120ರ ಉಪ್ಪುಕಾಗದ ಅಂಟಿಸಿ, ಪಟ್ಟಿಯನ್ನು ನೆಟ್ಟಗೆ ಹಿಡಿದು ಉಜ್ಜು. ಗೀಟು ಹತ್ತಿರ ಬಂದಾಗ 240ಕ್ಕೆ ಬದಲಿಸು. ಗೀಟಿಗಿಂತ ಸ್ವಲ್ಪ ಮೊದಲೇ ನಿಲ್ಲಿಸಿ, ಕೂರಿಸಿ, ತಂತಿ ಬಿಗಿದು, ಅಳೆದು ನೋಡು. ಅಡಿ ಸಮತಟ್ಟಾಗಿರಲಿ, ಓರೆಯಾದರೆ ಸ್ವರ ಡಬ್ಬಿಗೆ ಪೂರ್ತಿ ಇಳಿಯಲ್ಲ. ಉಜ್ಜಿದ ಮೇಲೂ ಬ್ರಿಡ್ಜಿಂದ ಮೂರು ಮಿಲಿಮೀಟರಾದರೂ ಮೇಲೆ ಕಾಣಬೇಕು. ಅದಕ್ಕಿಂತ ಇಳಿದರೆ ತಂತಿ ಸ್ಯಾಡಲ್ ಮೇಲೆ ಗಟ್ಟಿಯಾಗಿ ಕೂರದೆ ಸದ್ದು ಸೊರಗುತ್ತೆ. ಇನ್ನೂ ಒಳ್ಳೇ ದಾರಿ, ಹೊಸದೊಂದು ಸ್ಯಾಡಲ್ ಕೊಂಡು ಅದನ್ನು ಉಜ್ಜು, ಹಳೇದನ್ನು ಹಾಗೇ ಎತ್ತಿಡು. ಮೂಳೆಯ ಸ್ಯಾಡಲ್ ಸಿಕ್ಕಿದರೆ ಪ್ಲಾಸ್ಟಿಕ್ಕಿಗಿಂತ ಸದ್ದು ತೆರೆದುಕೊಳ್ಳುತ್ತೆ.

ತಂತಿ ಯಾವುದು ಹಾಕಿಸಿದ್ದೀಯ? ಬಂದಾಗಿಂದ ಅದೇನಾ? ಗೋಡೌನಲ್ಲಿ ಎಷ್ಟು ಕಾಲ ಕೂತಿತ್ತೋ, ಕೈಗೆ ಒರಟಾಗಿದೆ, ತುಕ್ಕಿನ ವಾಸನೆ ಬರುತ್ತೆ. ಅದನ್ನು ತೆಗೆದು 10-47ರ ತೆಳು ಸೆಟ್ ಹಾಕು. ಎಳೆತ 60 ಕಿಲೋ ಆಸುಪಾಸಿಗೆ ಇಳಿಯುತ್ತೆ, ಬೆರಳ ತುದಿಗೆ ಗೊತ್ತಾಗೋಷ್ಟು ವ್ಯತ್ಯಾಸ. ಸದ್ದು ಸ್ವಲ್ಪ ತೆಳುವಾಗುತ್ತೆ, ಕಲಿಯೋ ಕಾಲಕ್ಕೆ ಚಿಂತೆಯಿಲ್ಲ. ಕೈ ಗಟ್ಟಿಯಾದ ಮೇಲೆ 11ಕ್ಕೋ 12ಕ್ಕೋ ಏರಬಹುದು. ಎಳೆತ ಕಡಿಮೆಯಾದಾಗ ಕುತ್ತಿಗೆ ಇನ್ನಷ್ಟು ನೇರವಾಗುತ್ತೆ, ಅದಕ್ಕೇ ತಂತಿ ಬದಲಿಸೋದನ್ನು ಎಲ್ಲಕ್ಕಿಂತ ಮೊದಲು ಮಾಡಿ, ಆಮೇಲೆ ಟ್ರಸ್ ರಾಡಿಗೆ ಕೈ ಹಾಕು. ನೈಲಾನ್ ತಂತಿ ಮೆತ್ತಗಿರುತ್ತೆ ಅಂತ ಯಾರಾದರೂ ಹೇಳಿದರೆ ಈ ಗಿಟಾರಿಗೆ ಹಾಕಬೇಡ, ಸದ್ದೇ ಬರಲ್ಲ. ನೈಲಾನಿನ ಗಿಟಾರಿಗೆ ಉಕ್ಕಿನ ತಂತಿ ಹಾಕೋದಂತೂ ಅಪಾಯ. ಅದರ ಡಬ್ಬಿ ಅಷ್ಟು ಎಳೆತಕ್ಕೆ ಕಟ್ಟಿದ್ದಲ್ಲ, ಬ್ರಿಡ್ಜೇ ಕಿತ್ತು ಬಂದೀತು.

ಏನಂದಿರಿ ಅಕ್ಕ? ‘ಒಂದು ಸಲ ಸರಿ ಮಾಡಿದರೆ ಮುಗೀತಲ್ಲ’ ಅಂದಿರಾ? ಇಲ್ಲ, ಈ ಕಣಿವೆಯ ಗಾಳಿ ಸುಮ್ಮನಿರಲ್ಲ. ಅದು ನಿಮಗೇ ಹೆಚ್ಚು ಗೊತ್ತು, ಪನ್ನೀರ್ ದ್ರಾಕ್ಷಿ ಬೆಳೆಯೋರು. ಜೂನ್ ಜುಲೈಯಲ್ಲಿ ಕುಮಿಳಿ, ತೇಕ್ಕಡಿ ತೊಟ್ಟಿಕ್ಕುತ್ತಿರುತ್ತೆ. ಘಟ್ಟ ಇಳಿದು ಲೋವರ್ ಕ್ಯಾಂಪ್, ಗೂಡಲೂರು ದಾಟಿ ಕಂಬಂಗೆ ಬಂದರೆ ಬರೀ ಗಾಳಿ. ಮಳೆಯ ಬಹುಪಾಲು ಬೆಟ್ಟದ ಆಚೆಯೇ ಉಳಿಯುತ್ತೆ, ನಮಗೆ ಸಿಗೋದು ಆಷಾಢದ ಒಣಗಾಳಿ. ಆಮೇಲೆ ತಮಿಳಿನ ಐಪ್ಪಸಿ, ಕಾರ್ತಿಕ ತಿಂಗಳ ಮಳೆಗೆ ಇಲ್ಲೇ ಗೋಡೆ ಬೆವರುತ್ತೆ. ಮರ ಈ ತೇವವನ್ನೆಲ್ಲ ಕುಡಿಯುತ್ತೆ, ಬಿಡುತ್ತೆ. ಗಾಳಿಯ ತೇವ ನೂರಕ್ಕೆ 45ರಿಂದ 55ರ ನಡುವೆ ಇದ್ದರೆ ಗಿಟಾರಿಗೆ ಕ್ಷೇಮ. ಹೆಚ್ಚಾದರೆ ಡಬ್ಬಿಯ ಮೇಲ್ಹಲಗೆ ಉಬ್ಬಿ ಬ್ರಿಡ್ಜ್ ಮೇಲೇಳುತ್ತೆ, ಜೊತೆಗೆ ತಂತಿಯೂ. ಕಡಿಮೆಯಾದರೆ ಹಲಗೆ ಕುಗ್ಗಿ ತಂತಿ ಕೆಳಗಿಳಿದು ಜಿರ್ರೆನ್ನುತ್ತೆ. ಬೆರಳಾಡಿಸೋ ಹಲಗೆ ಕಿರಿದಾಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುತ್ತವೆ. ತೀರಾ ಒಣಗಿದರೆ ಹಲಗೆ ಬಿರುಕು ಬಿಡುತ್ತೆ.

ಕೊಡೈಕೆನಾಲ್ ನೋಡಿ, ಸುಮಾರು 2,100 ಮೀಟರ್ ಎತ್ತರ. ಅಲ್ಲಿ 1901ರಲ್ಲಿ ಮಿಷನರಿಗಳ ಮಕ್ಕಳಿಗಾಗಿ ಶುರುವಾದ ಶಾಲೆ ಈಗ ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲ್ ಆಗಿದೆ. ಅಲ್ಲಿಯ ಮಂಜಲ್ಲಿ ಹದವಾಗಿದ್ದ ಗಿಟಾರನ್ನು ಒಂದೇ ಮಧ್ಯಾಹ್ನ ಪೆರಿಯಕುಳಂ ಬಿಸಿಲಿಗೆ ಇಳಿಸಿದರೆ ಅದರ ತಂತಿ ಎತ್ತರ ಅದೇ ಆಗಿ ಉಳಿಯಲ್ಲ. ಹಾಗಾಗಿ ಗಿಟಾರನ್ನು ಗೋಡೆಗೆ ನೇತುಹಾಕಬೇಡಿ, ಬೀರು ಮೇಲೂ ಬೇಡ, ತಾರಸಿಯ ಬಿಸಿ ನೇರ ಅಲ್ಲಿಗೇ ಬಡಿಯುತ್ತೆ. ಚೀಲದಲ್ಲೋ ಪೆಟ್ಟಿಗೆಯಲ್ಲೋ ಮಲಗಿಸಿ. ಏಪ್ರಿಲ್ ಮೇಯಲ್ಲಿ ಸೋಪಿನ ಡಬ್ಬಿಗೆ ತೂತು ಮಾಡಿ, ಹಿಂಡಿದ ಒದ್ದೆ ಸ್ಪಂಜು ಇಟ್ಟು ಪೆಟ್ಟಿಗೆಯೊಳಗೆ ಹಾಕಿ. ಮಳೆಗಾಲದಲ್ಲಿ ಅದನ್ನು ತೆಗೆದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಿಸಿಲಲ್ಲಿ ನಿಂತ ಕಾರಲ್ಲಿ ಯಾವತ್ತೂ ಬಿಡಬೇಡಿ, ಅಂಟು ಮೆತ್ತಗಾಗಿ ಬ್ರಿಡ್ಜ್ ಎದ್ದು ಬರುತ್ತೆ. ವರ್ಷಕ್ಕೆ ಎರಡು ಸಲ, ಬೇಸಿಗೆ ತಿರುಗಿದಾಗ ಮತ್ತು ಮಳೆ ನಿಂತಾಗ, ಅಳತೆ ನೋಡಿಕೊಂಡರೆ ಸಾಕು.

ಗಿಟಾರಿನ ಈ ಕಂದು ಹಲಗೆ ಮೇಲೆ ಕೈ ಆಡಿಸಿ ನೋಡಿ ಅಕ್ಕ. ಬೀಟೆ ಮರ ಇದು. ನಮ್ಮ ಪಶ್ಚಿಮ ಘಟ್ಟದ ಮರ. ಗಿಟಾರಿಗೆ ಪ್ರಪಂಚದಲ್ಲೇ ಹೆಸರಾದ ಅಮೆರಿಕದ ಮಾರ್ಟಿನ್ ಕಂಪನಿಯವರು ಬ್ರೆಜಿಲಿನ ಬೀಟೆ ಸಿಗದಾದಾಗ 1969ರಲ್ಲಿ ಭಾರತದ ಬೀಟೆಗೆ ಬದಲಾದರು. ಆಮೇಲೆ ಮರ ಕಡಿಮೆಯಾಗ್ತಾ ಬಂದು, 2017ರ ಜನವರಿಯಿಂದ ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಾದ ನಿಯಮ ಬಂತು. ಸಿದ್ಧವಾದ ವಾದ್ಯಗಳಿಗೆ 2019ರ ನವೆಂಬರಲ್ಲಿ ವಿನಾಯಿತಿ ಸಿಕ್ಕಿತು. ಒಂದು ಬೀಟೆ ಮರ ಬೆಳೆಯೋಕೆ ಎಷ್ಟು ತಲೆಮಾರು ಬೇಕು ಅಂತ ಕಾಡಿನವರನ್ನು ಕೇಳಿ. ಅಂಥ ಮರ ಕಡಿದು ಮಾಡಿದ ವಾದ್ಯ ಮೂಕವಾಗಿ ಕೂರೋದು ನ್ಯಾಯವಲ್ಲ.

ತಮ್ಮಾ, ನೀನು ಕೇಳಿದ್ದು ಒಳ್ಳೇ ಪ್ರಶ್ನೆ. ತಂತಿ ಎತ್ತರ ಇರೋದೇ ತಪ್ಪಾದರೆ ವಿಶ್ವಮೋಹನ ಭಟ್ಟರು ಹೇಗೆ ನುಡಿಸ್ತಾರೆ ಅಂತ. ಗಿಟಾರನ್ನೇ ಮಾರ್ಪಾಡು ಮಾಡಿ ಅವರು ಮೋಹನ ವೀಣೆ ಕಟ್ಟಿಕೊಂಡರು. ಗಿಟಾರ್ ವಾದಕ ರೈ ಕೂಡರ್ ಜೊತೆ ನುಡಿಸಿದ ಆಲ್ಬಮ್ಮಿಗೆ 1994ರಲ್ಲಿ ಗ್ರ್ಯಾಮಿ ಬಂತು. ಅವರು ತಂತಿ ಮೇಲೆ ಬೆರಳು ಅದುಮಲ್ಲ, ಉಕ್ಕಿನ ಕಡ್ಡಿ ಜಾರಿಸ್ತಾರೆ. ಕಡ್ಡಿ ಫ್ರೆಟ್ಟಿಗೆ ತಾಗಬಾರದು, ಅದಕ್ಕೆ ಅಲ್ಲಿ ತಂತಿ ಎತ್ತರದಲ್ಲೇ ಇರಬೇಕು. ನಿನಗೆ ನೋವು ಕೊಡೋ ಎತ್ತರ ಅವರಿಗೆ ಅವಶ್ಯ. ಎಲ್ಲರಿಗೂ ಒಪ್ಪೋ ಒಂದು ಅಳತೆ ಅಂತ ಇಲ್ಲ ಕಣಪ್ಪ. ನಾನು ಹೇಳಿದ 2.4, 1.8 ಕೂಡ ಶುರು ಮಾಡೋ ಜಾಗ ಅಷ್ಟೇ. ಮೃದುವಾಗಿ ಬೆರಳಲ್ಲಿ ಮೀಟೋದಾದರೆ ಇನ್ನೂ ಸ್ವಲ್ಪ ಇಳಿಸಬಹುದು, ಚರ್ಚಿನ ಕೊಯರಿಗೆ ಪ್ಲೆಕ್ಟ್ರಮ್ಮಲ್ಲಿ ಜೋರಾಗಿ ಬಾರಿಸೋದಾದರೆ ಒಂಚೂರು ಏರಿಸಬೇಕು. ನಿನ್ನ ಕೈ ಹೇಗೆ ನುಡಿಸುತ್ತೆ ಅಂತ ಕೇಳಿಕೊಂಡು ವಾದ್ಯವನ್ನು ಹೊಂದಿಸೋದೇ ಈ ಕೆಲಸದ ಜೀವ.

ಇವತ್ತಿಗೆ ಹೊಸ ತಂತಿ ತರೋದು ನೋಡು. ಅದು ಕೂತ ಮೇಲೆ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ ರಾತ್ರಿ ಬಿಡೋಣ. ನಟ್ ಸರಿಹೋಗೋ ತನಕ ಗಿಟಾರ್ ಮೂಲೆಗೆ ಇಡಬೇಡ. ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡಿ, ಮೊದಲನೇ ಫ್ರೆಟ್ಟಿಗೆ ಕ್ಯಾಪೊ ಹಾಕಿಕೋ. ಶ್ರುತಿ ಮಾಮೂಲಿನದೇ ಬರುತ್ತೆ, ನಟ್‌ನ ಕಾಟ ಇರಲ್ಲ, ಬಿಗಿಯೂ ಕಡಿಮೆ. ದಿನಾ ಹದಿನೈದು ನಿಮಿಷ ನುಡಿಸು, ಉರಿ ಬಂದರೆ ನಿಲ್ಲಿಸು. ಬೆರಳ ತುದಿ ಗಟ್ಟಿಯಾಗೋಕೆ ಒಂದಷ್ಟು ವಾರ ಬೇಕು, ಆ ನೋವು ಎಲ್ಲರಿಗೂ ಇದ್ದದ್ದೇ, ಅದು ಹೋಗುತ್ತೆ. ವಾದ್ಯ ಕೊಡೋ ನೋವು ಮಾತ್ರ ತಾನಾಗಿ ಹೋಗಲ್ಲ, ಅದನ್ನು ನಾವೇ ತೆಗೀಬೇಕು. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಕ್ಕಳು ತಮಗೆ ಸಂಗೀತ ಇಲ್ಲ ಅಂದ್ಕೊಂಡು ಸುಮ್ಮನಾಗಿಬಿಟ್ಟಿದ್ದಾರೆ, ಅದೇ ನನಗೆ ಸಹಿಸೋಕಾಗದ ಸಂಗತಿ.

ಅಕ್ಕ, ನೀವೂ ಒಂದು ಉಪಕಾರ ಮಾಡಬೇಕು. ರಾಯಪ್ಪನ್‌ಪಟ್ಟಿ, ಹನುಮಂತನ್‌ಪಟ್ಟಿ ಕಡೆ ಚರ್ಚಲ್ಲಿ ನುಡಿಸೋ ಹುಡುಗರು ಇವನ ಶಾಲೆಯಲ್ಲೂ ಇದ್ದಾರಲ್ಲ, ನಿಮ್ಮ ನೆಂಟರ ಮನೆಗಳಲ್ಲೂ ಆಸೆಯಿಂದ ತಂದು ಬಿಟ್ಟುಹಾಕಿದ ಗಿಟಾರ್ ಇರಬಹುದು. ಎಲ್ಲರಿಗೂ ಹೇಳಿ, ಭಾನುವಾರ ಇಲ್ಲಿಗೇ ತಗೊಂಡು ಬರಲಿ. ಒಂದು ಸ್ಟೀಲ್ ಸ್ಕೇಲ್, ಒಂದು ಕ್ಯಾಪೊ, ಮೆಕ್ಯಾನಿಕ್ಕಿನ ಫೀಲರ್ ಗೇಜ್ ಇದ್ದರೆ ಒಂದೊಂದಕ್ಕೆ ಐದು ನಿಮಿಷದಲ್ಲಿ ಎಲ್ಲಿ ಕೊರತೆ ಅಂತ ಗೊತ್ತಾಗುತ್ತೆ. ನುಡಿಸೋದು ಬಿಡೋರು ಬಿಡಲಿ, ಬಲವಂತ ಇಲ್ಲ. ಆದರೆ ಮೊದಲು ವಾದ್ಯ ಸರಿಹೋಗಬೇಕು, ಆ ಸರಿಯಾದ ವಾದ್ಯದ ಮೇಲೆ ಒಂದು ಮೂರು ತಿಂಗಳು ಕೈ ಆಡಬೇಕು. ಒಲಿಯಿತಾ ಇಲ್ಲವಾ ಅನ್ನೋ ತೀರ್ಮಾನವನ್ನು ಆಮೇಲೆ ಹುಡುಗರೇ ಹೇಳಲಿ, ಕೇಳೋಣ.